ಆಪಾಗೆ ಇನ್ನೂ ಹದಿನೆಂಟಾಗಿಲ್ಲ

ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಅಂತ ವಕೀಲರು ಕರೆಯುವ 1890ರ ಕಾಯ್ದೆಯಲ್ಲಿ 21ನೆಯ ಕಲಂ ಅಂತ ಒಂದಿದೆ. ನಾಲ್ಕೇ ಸಾಲು. ಅಪ್ರಾಪ್ತ ವಯಸ್ಸಿನವರು ಇನ್ನೊಬ್ಬ ಅಪ್ರಾಪ್ತರಿಗೆ ಪಾಲಕರಾಗಲು ಅರ್ಹರಲ್ಲ ಅನ್ನೋದು ಅದರ ಸಾರ. ಇಷ್ಟೇ ಇದ್ದಿದ್ದರೆ ಯಾರೂ ತಕರಾರು ಮಾಡುವ ಹಾಗಿರಲಿಲ್ಲ. ಆದರೆ ಅದೇ ವಾಕ್ಯದ ಬಾಲದಲ್ಲಿ ಒಂದು ವಿನಾಯಿತಿ ಅಂಟಿಕೊಂಡಿದೆ. ಸ್ವಂತ ಹೆಂಡತಿಗೆ, ಸ್ವಂತ ಮಗುವಿಗೆ ಮಾತ್ರ ಅಪ್ರಾಪ್ತನೂ ಪಾಲಕನಾಗಬಹುದು. ಅವಿಭಕ್ತ ಹಿಂದೂ ಕುಟುಂಬದ ಯಜಮಾನನಾಗಿದ್ದರೆ ಆ ಕುಟುಂಬದ ಇನ್ನೊಬ್ಬ ಅಪ್ರಾಪ್ತನ ಹೆಂಡತಿ ಮಕ್ಕಳಿಗೂ ಆಗಬಹುದು.

ಅಂದರೆ 17 ವರ್ಷದ ಹುಡುಗ ತನ್ನ 15 ವರ್ಷದ ಹೆಂಡತಿಗೆ ಪಾಲಕ. 17 ವರ್ಷದ ಅಕ್ಕ ತನ್ನ 9 ವರ್ಷದ ತಮ್ಮನಿಗೆ ಏನೂ ಅಲ್ಲ.

ಇದನ್ನು ಬರೆದದ್ದು ಬ್ರಿಟಿಷರ ಕಾಲದಲ್ಲಿ, ಬಾಲ್ಯವಿವಾಹ ಮನೆಮನೆಯ ಮಾತಾಗಿದ್ದಾಗ. ಸರಿ, ಒಪ್ಪೋಣ. ಆದರೆ ಪುಸ್ತಕದಲ್ಲಿ ಅದು ಇವತ್ತಿಗೂ ಹಾಗೇ ಇದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 21 ತುಂಬದ ಹುಡುಗನನ್ನೂ 18 ತುಂಬದ ಹುಡುಗಿಯನ್ನೂ ಮಕ್ಕಳು ಅಂತ ಕರೆಯುತ್ತದೆ. 2012ರ ಪೋಕ್ಸೊ ಬಂತು. ಹೆಂಡತಿಯೇ ಆಗಿದ್ದರೂ 18ರ ಒಳಗಿನವಳ ಜೊತೆಗಿನ ದೈಹಿಕ ಸಂಬಂಧ ಅಪರಾಧ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಯಿತು. ಒಂದು ಕಾನೂನು ಜೈಲು ತೋರಿಸುವ ಸಂಬಂಧಕ್ಕೆ ಇನ್ನೊಂದು ಕಾನೂನು ಪಾಲಕತ್ವದ ಗೌರವ ಕೊಟ್ಟು ಕೂರಿಸಿದೆ. ಹಾಗಾದರೆ ಈ ಕಲಮಿನಲ್ಲಿ ವಯಸ್ಸು ಯಾವುದರ ಅಳತೆ? ತಿಳಿವಳಿಕೆಯದ್ದಾಗಿದ್ದರೆ ಗಂಡನಾದ ಕೂಡಲೇ ಹುಡುಗನಿಗೆ ತಿಳಿವಳಿಕೆ ಬಂತು ಅಂತ ಒಪ್ಪಬೇಕಾಗುತ್ತದೆ. ಅದು ಅಳೆಯುತ್ತಿರುವುದು ಒಡೆತನವನ್ನು.

ಠಾಣೆಯ ಮಾಜಿವಾಡಾದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ನಾಸಿಕಕ್ಕೆ ಹೋಗುವ ರಸ್ತೆ, ಘೋಡ್‌ಬಂದರ್ ರಸ್ತೆ ಮೂರೂ ಕೂಡುವ ಜಾಗ ಇದು. ಒಂದು ಕಡೆ ಹಳೆಯ ಗಾವಠಾಣ, ಇನ್ನೊಂದು ಕಡೆ ಮುಗಿಲಿಗೆ ಮುಟ್ಟುವ ಟವರುಗಳು. ಆ ಟವರುಗಳಿಗೆ ಮಣ್ಣು ಹೊತ್ತವರಲ್ಲಿ ವಿಜಯಪುರ, ಕಲಬುರಗಿ ಕಡೆಯ ನಮ್ಮವರೂ ಇದ್ದಾರೆ. ಕರಾವಳಿಯವರು ಹೋಟೆಲು, ಅಂಗಡಿ ಹಿಡಿದರು. ಉತ್ತರದವರು ಟೆಂಪೋ, ಗಿಲಾವು, ಸೆಂಟ್ರಿಂಗ್ ಹಿಡಿದರು. ಊರಲ್ಲಿ ಎರಡೆಕರೆ ಒಣಭೂಮಿ, ಇಲ್ಲಿ ಬಾಡಿಗೆಯ ಒಂದು ಕೋಣೆ. ಇಂಥ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರೆ ಮಕ್ಕಳ ಗತಿ ಏನು ಅನ್ನೋದು 2021ರ ತನಕ ಯಾರಿಗೂ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಆ ವರ್ಷದ ಏಪ್ರಿಲ್, ಮೇ ತಿಂಗಳು ಅದನ್ನು ಪ್ರಶ್ನೆ ಮಾಡಿಟ್ಟವು.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ತಾಯಿ ಮೊದಲೇ ತೀರಿದ್ದಳು. ಟೆಂಪೋ ಓಡಿಸುತ್ತಿದ್ದ ತಂದೆ ಎರಡನೆಯ ಅಲೆಯಲ್ಲಿ ಹೋದ. ಉಳಿದದ್ದು 17 ದಾಟಿದ ಮಗಳು, 9ರ ಮಗ. ಬ್ಯಾಂಕಿನ ಖಾತೆಯಲ್ಲಿ ಒಂದಿಷ್ಟು ದುಡ್ಡು, ತಂದೆಯ ಹೆಸರಿನ ಟೆಂಪೋ, ಊರಲ್ಲಿ ಹೊಲದ ಪಾಲು. ಬ್ಯಾಂಕಿನ ಕೌಂಟರಿನಲ್ಲಿ ಕೇಳಿದ್ದು ಒಂದೇ ಮಾತು: ಗಾರ್ಡಿಯನ್ ಯಾರು? ಹುಡುಗಿ "ನಾನು" ಅಂದಳು. ಆಧಾರ್ ಕಾರ್ಡು ನೋಡಿ ವಾಪಸ್ ಕೊಟ್ಟರು. ಊರಿಂದ ಚಾಚಾ ಬಂದ. "ನಾ ಅದೀನಲ್ಲ, ಸಹಿ ಮಾಡ್ತೀನಿ" ಅಂದ. ಮಾಡಿದ ಕೂಡ. ಕೆಟ್ಟ ಮನುಷ್ಯನೇನಲ್ಲ. ಆದರೆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು, ತಮ್ಮನ ಆನ್‌ಲೈನ್ ಕ್ಲಾಸಿಗೆ ಮೊಬೈಲ್ ರೀಚಾರ್ಜ್ ಮಾಡಿಸುತ್ತಿದ್ದವಳು, ಅವನಿಗೆ ಜ್ವರ ಬಂದರೆ ರಾತ್ರಿ ಸಿವಿಲ್ ಆಸ್ಪತ್ರೆಗೆ ಹೊತ್ತೊಯ್ಯುತ್ತಿದ್ದವಳು ಆ ಆಪಾ. ಆಸ್ಪತ್ರೆಯ ಕಾಗದಕ್ಕೂ ಚಾಚಾನ ಸಹಿಯೇ ಬೇಕಾಯಿತು. ಅವನಿದ್ದದ್ದು ವಿಜಯಪುರದಲ್ಲಿ.

ನಮ್ಮ ಕಾನೂನುಗಳಲ್ಲಿ ಮಕ್ಕಳ ವಯಸ್ಸಿನ ಲೆಕ್ಕ ಹಾಕುತ್ತ ಹೋದರೆ ತಲೆ ತಿರುಗುತ್ತದೆ. 10 ತುಂಬಿದ ಮಗು ತಾನೇ ಬ್ಯಾಂಕ್ ಖಾತೆ ತೆರೆದು ನಡೆಸಬಹುದು. 14 ತುಂಬಿದರೆ ಅಪಾಯಕಾರಿಯಲ್ಲದ ಕೆಲಸಕ್ಕೆ ಹೋಗಬಹುದು. 16ಕ್ಕೆ ಗೇರಿಲ್ಲದ ಸಣ್ಣ ಮೋಪೆಡ್ಡಿಗೆ ಲೈಸೆನ್ಸ್ ಸಿಗುತ್ತದೆ. ದುಡಿದು ತಮ್ಮನಿಗೆ ಅನ್ನ ಹಾಕೋದಕ್ಕೆ 14 ಸಾಕು, ಅವನ ಪರವಾಗಿ ಒಂದು ಸಹಿ ಹಾಕೋದಕ್ಕೆ 18 ಬೇಕು. ಹೊರುವ ವಯಸ್ಸು ಬೇರೆ, ಹೊತ್ತದ್ದಕ್ಕೆ ಹೆಸರು ಸಿಗುವ ವಯಸ್ಸು ಬೇರೆ.

ಈ ಆಪಾ ನಮ್ಮ ಸಾಹಿತ್ಯದಲ್ಲಿ ಎಲ್ಲಿದ್ದಾಳೆ ಅಂತ ಹುಡುಕಿದಾಗ ನನಗೆ ಮೊದಲು ನೆನಪಾದದ್ದು ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕತೆ. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ ಈ ಕತೆಯ ಬಗ್ಗೆ ಬಹಳ ಬರಹ ಬಂದಿವೆ. ಹೆಚ್ಚಿನವು ಮೆಹರುನ್‌ಳ ಮೇಲೆ. ಗಂಡ ಇನ್ನೊಬ್ಬಳಿಗೆ ಮನಸೋತಿದ್ದಾನೆ, ತವರಿಗೆ ಹೋದರೆ ಅಣ್ಣಂದಿರು ಮರ್ಯಾದೆಯ ಮಾತಾಡಿ ತಿರುಗಿ ಬಿಟ್ಟು ಹೋಗುತ್ತಾರೆ, ಅವಳು ಸೀಮೆಎಣ್ಣೆ ಸುರಿದುಕೊಳ್ಳುವ ಮಟ್ಟಕ್ಕೆ ಬರುತ್ತಾಳೆ. ಅವಳನ್ನು ತಡೆಯುವುದು ದೊಡ್ಡ ಮಗಳು ಸಲ್ಮಾ, ತೋಳಲ್ಲಿ ಕೂಸನ್ನು ಹೊತ್ತುಕೊಂಡು.

ಸಲ್ಮಾಳ ಬಗ್ಗೆ ವಿಮರ್ಶಕರು ಹೇಳುವುದು ಒಂದೇ: ತಾಯಿಗೂ ಮಗಳಿಗೂ ಇರುವ ಪ್ರೀತಿ. ಅದು ಸುಳ್ಳಲ್ಲ. ಆದರೆ ಸಲ್ಮಾ ತಾಯಿಯ ಮುಂದೆ ಇಡುವ ಮಾತಿನಲ್ಲಿ ಬರೀ ಪ್ರೀತಿ ಇಲ್ಲ, ಒಂದು ಲೆಕ್ಕ ಇದೆ. ನೀನು ಹೋದರೆ ನಾವು ಯಾರ ಕೈಗೆ ಬೀಳುತ್ತೇವೆ ಅನ್ನೋ ಲೆಕ್ಕ. ಕಾಯ್ದೆಯ ಪುಸ್ತಕ ತೆಗೆದು ನೋಡಿದರೆ ಅವಳ ಲೆಕ್ಕ ಅಕ್ಷರಶಃ ಸರಿ. ಅದೇ 1890ರ ಕಾಯ್ದೆಯ 19ನೆಯ ಕಲಂ ಪ್ರಕಾರ ತಂದೆ ಬದುಕಿದ್ದು, ಅವನು ಅನರ್ಹ ಅಂತ ಕೋರ್ಟಿಗೆ ಅನಿಸದಿದ್ದರೆ, ಮಗುವಿನ ಮೈಗಾವಲಿಗೆ ಬೇರೆ ಪಾಲಕರನ್ನು ನೇಮಿಸುವ ಹಾಗೇ ಇಲ್ಲ. 2010ರ ತನಕ ಆ ಕಲಮಿನಲ್ಲಿ ತಂದೆಯ ಹೆಸರು ಮಾತ್ರ ಇತ್ತು. ಆ ವರ್ಷದ ತಿದ್ದುಪಡಿಯಲ್ಲಿ ತಾಯಿಯನ್ನೂ ಸೇರಿಸಿದರು. ಇನ್ನೊಬ್ಬಳ ಜೊತೆ ಹೋದವನು ಅಂತ ಮಾತ್ರಕ್ಕೆ ಕೋರ್ಟು ತಂದೆಯನ್ನು ಅನರ್ಹ ಅನ್ನೋದು ಅಪರೂಪ. ಮೆಹರುನ್ ಬೆಂಕಿಕಡ್ಡಿ ಗೀರಿದ್ದರೆ ಆ ಮಕ್ಕಳೆಲ್ಲ ಕಾನೂನಿನಂತೆಯೇ ಆ ತಂದೆಯ ಕೈಗೆ ಹೋಗುತ್ತಿದ್ದರು. ಕೂಸನ್ನು ಹೊತ್ತ ಸಲ್ಮಾಳನ್ನು ಯಾರೂ ಕೇಳುತ್ತಿರಲಿಲ್ಲ. ಹರೆಯಕ್ಕೆ ಕಾಲಿಟ್ಟ ಆ ಹುಡುಗಿಗೆ ಕಲಂ ಸಂಖ್ಯೆ ಗೊತ್ತಿಲ್ಲ, ಆದರೆ ಮನೆಯ ಗೋಡೆಗಳ ಒಳಗೆ ಆ ಕಲಂ ಹೇಗೆ ಓಡಾಡುತ್ತದೆ ಅಂತ ಗೊತ್ತು.

ಈ ಕತೆಯ ಬಗ್ಗೆ ನನಗೊಂದು ತಕರಾರೂ ಇದೆ. ಕತೆ ಸಲ್ಮಾಳ ದೊಡ್ಡತನವನ್ನು ತಾಯಿಯನ್ನು ಉಳಿಸೋದಕ್ಕೆ ಬಳಸಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಹಣತೆ ಆರಲಿಲ್ಲ, ಒಳ್ಳೆಯದಾಯಿತು. ಎಣ್ಣೆ ಯಾರದು? ಮಗಳು ತಾಯಿಗೇ ಪಾಲಕಳಾದಳು, ಆ ಮಗಳಿಗೆ ಯಾರು? ಬಾನು ಅವರ ಕತೆಗಳಲ್ಲಿ ತಾಯಂದಿರ ಸಿಟ್ಟು ಸಂಕಟ ಎಷ್ಟು ಒಳಗಿಂದ ಬರುತ್ತದೆಂದರೆ, ಪಕ್ಕದಲ್ಲಿ ನಿಂತ ಹಿರಿಮಗಳು ಕೆಲಸಕ್ಕೆ ಬೇಕಾದಾಗ ಮಾತ್ರ ಬೆಳಕಿಗೆ ಬರುತ್ತಾಳೆ. ನಮ್ಮ ಮನೆಗಳಲ್ಲೂ ಅವಳು ಹಾಗೇ ಇರೋದರಿಂದ ಇದನ್ನು ಲೇಖಕಿಯ ದೋಷ ಅನ್ನೋದಕ್ಕಿಂತ ಸತ್ಯಕ್ಕೆ ತೀರ ಹತ್ತಿರವಾಗಿದ್ದರ ಫಲ ಅನ್ನಬೇಕೇನೋ. ಆದರೂ ವಿಮರ್ಶೆಯಾದರೂ ಅವಳ ಕಡೆ ತಿರುಗಿ ನೋಡಬೇಕು.

ಅದೇ ಲೇಖಕಿಯ 'ಕರಿನಾಗರಗಳು' ಇನ್ನೂ ನೇರವಾಗಿ ವಿಷಯಕ್ಕೆ ಬರುತ್ತದೆ. ಗಿರೀಶ್ ಕಾಸರವಳ್ಳಿ ಅವರು 2004ರಲ್ಲಿ 'ಹಸೀನಾ' ಮಾಡಿದ್ದು ಇದೇ ಕತೆಯಿಂದ. ಗಂಡ ಬಿಟ್ಟ ಹೆಂಗಸು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನ್ಯಾಯಕ್ಕಾಗಿ ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ, ಮುತವಲ್ಲಿ ಮುಖ ತಿರುಗಿಸುತ್ತಾನೆ, ಕಾಯಿಲೆಯ ಕೂಸು ಅಲ್ಲೇ ಪ್ರಾಣ ಬಿಡುತ್ತದೆ. ಇಲ್ಲಿ ಎರಡು ಪದಗಳ ನಡುವಿನ ಬಿರುಕು ಕಣ್ಣಿಗೆ ಕಾಣುತ್ತದೆ. ಹಿಜಾನತ್ ಅಂದರೆ ಮಗುವನ್ನು ಹತ್ತಿರ ಇಟ್ಟುಕೊಂಡು ಸಾಕುವುದು, ಅದು ತಾಯಿಯದು. ವಿಲಾಯತ್ ಅಂದರೆ ಮಗುವಿನ ಪರವಾಗಿ ತೀರ್ಮಾನ ಮಾಡುವ ಅಧಿಕಾರ, ಅದು ತಂದೆಯದು, ತಂದೆಯ ಖರ್ಚಿನ ಹೊಣೆಯ ಜೊತೆಗೆ. ಕತೆಯ ತಂದೆ ಹೊಣೆ ಕೆಳಗಿಟ್ಟು ಅಧಿಕಾರ ಮಾತ್ರ ಇಟ್ಟುಕೊಂಡಿದ್ದಾನೆ. ಅವನ ವಯಸ್ಸಿನ ಬಗ್ಗೆ ಯಾವ ಕಾನೂನಿಗೂ ಅನುಮಾನ ಇಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ', ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗಲೇ ನಮ್ಮ ಮನೆಗಳನ್ನು ಅಲುಗಾಡಿಸಿದ ಕಾದಂಬರಿ. ಅದರಲ್ಲೂ ಮಗಳ ಮದುವೆ ಕಟ್ಟಿದ್ದು, ಕೊನೆಗೆ ಒಡೆದದ್ದು ಎರಡೂ ತಂದೆಯ ಅಧಿಕಾರವೇ.

ಈಗ ನಮ್ಮವರು ಸಾಮಾನ್ಯವಾಗಿ ಎತ್ತುವ ಮಾತಿಗೆ ಬರುತ್ತೇನೆ. ಶರೀಅತ್‌ನಲ್ಲಿ 15ಕ್ಕೆ ಬಾಲಿಗ್, 18ರ ಹಂಗು ಸರ್ಕಾರದ್ದು ಅಂತ ಹೇಳುತ್ತಾರೆ. ಮದುವೆಯ ಮಾತು ಬಂದಾಗ ಈ 15 ತಟ್ಟನೆ ನಾಲಿಗೆಗೆ ಬರುತ್ತದೆ. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆಯೂ ಇದೇ ವಾದ ಬಂತು. ಪೋಕ್ಸೊ ಕಾಯ್ದೆ ವೈಯಕ್ತಿಕ ಕಾನೂನನ್ನು ಮೀರುತ್ತದೆ ಅಂತ ಕೋರ್ಟು ಅದನ್ನು ತಳ್ಳಿಹಾಕಿತು. ನನ್ನ ಪ್ರಶ್ನೆ ಬೇರೆ. 15ರ ಹುಡುಗಿ ಹೆಂಡತಿಯಾಗಲು ದೊಡ್ಡವಳು ಅಂತ ವಾದಿಸುವ ನಾವು, 15ರ ಹುಡುಗಿ ಯತೀಮ್ ತಮ್ಮನ ಆಸ್ತಿ ನೋಡಿಕೊಳ್ಳಲು ದೊಡ್ಡವಳು ಅಂತ ಯಾವತ್ತಾದರೂ ವಾದಿಸಿದ್ದೇವಾ? ಒಂದು ಜಮಾಅತ್ ಆದರೂ ಹಾಗೊಂದು ಅರ್ಜಿ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಮದುವೆಗೆ ಒಂದು ದೊಡ್ಡತನ, ಆಸ್ತಿಗೆ ಇನ್ನೊಂದು. ಆ 21ನೆಯ ಕಲಮನ್ನು ಬರೆದ ಬ್ರಿಟಿಷ್ ಸಾಹೇಬರಿಗೂ ನಮಗೂ ಇಲ್ಲಿ ವ್ಯತ್ಯಾಸ ಕಾಣಿಸುವುದಿಲ್ಲ.

ಫಿಕ್ಹ್‌ನ ಒಳಗೆ ಸ್ವಲ್ಪ ಇಳಿದರೆ ವಿಷಯ ಹೀಗೆ ಸರಳವಾಗಿಲ್ಲ. ಬುಲೂಗ್ ಅಂದರೆ ಮೈ ನೆರೆಯುವುದು. ಅದಕ್ಕೆ ಕುರುಹು ಕಾಣದಿದ್ದರೆ 15 ಅಂತ ಹೆಚ್ಚಿನ ಇಮಾಮರು ಇಟ್ಟುಕೊಂಡರು. ಇಮಾಮ್ ಅಬೂಹನೀಫಾ ಅವರು ಹುಡುಗನಿಗೆ 18, ಹುಡುಗಿಗೆ 17 ಅಂದರು. ಅಂದರೆ 18 ಅನ್ನೋ ಅಂಕಿ ನಮಗೆ ಹೊರಗಿಂದ ಬಂದದ್ದೇನಲ್ಲ. ಆಸ್ತಿಯ ಮಾತು ಬಂದಾಗ ಬುಲೂಗ್ ಒಂದೇ ಸಾಲದು, ರುಶ್ದ್ ಬೇಕು. ರುಶ್ದ್ ಅಂದರೆ ವ್ಯವಹಾರದ ಬುದ್ಧಿ, ದುಡ್ಡನ್ನು ಹಾಳುಮಾಡದೆ ನಿಭಾಯಿಸುವ ತಿಳಿವಳಿಕೆ. ಅನ್ನಿಸಾ ಅಧ್ಯಾಯದ 6ನೆಯ ಆಯತ್ ಯತೀಮ್ ಮಕ್ಕಳನ್ನು ಪರೀಕ್ಷಿಸುತ್ತಿರಿ ಅನ್ನುತ್ತದೆ. ವಯಸ್ಸಿಗೆ ಬಂದ ಮೇಲೆ ಈ ತಿಳಿವಳಿಕೆ ಕಂಡರೆ ಅವರ ಸೊತ್ತು ಅವರಿಗೆ ಒಪ್ಪಿಸಿ, ಒಪ್ಪಿಸುವಾಗ ಸಾಕ್ಷಿ ಇಟ್ಟುಕೊಳ್ಳಿ ಅನ್ನೋದು ಅದರ ಆಶಯ. ಗಮನಿಸಿ, ಅಲ್ಲಿ ವರ್ಷದ ಅಂಕಿ ಇಲ್ಲ. ಪರೀಕ್ಷೆ ಇದೆ, ಅದೂ ದಿನದಿನದ ಪರೀಕ್ಷೆ. ತಿಳಿವಳಿಕೆ ಬಾರದವನಿಗೂ 25ಕ್ಕೆ ಆಸ್ತಿ ಕೊಟ್ಟುಬಿಡಿ ಅಂತ ಅಬೂಹನೀಫಾ ಹೇಳಿದ್ದಾರೆ. ಆ ವಯಸ್ಸಿಗೆ ಮನುಷ್ಯ ಅಜ್ಜನೂ ಆಗಿರಬಹುದು, ಇನ್ನೆಷ್ಟು ಕಾಯುತ್ತೀರಿ ಅನ್ನೋ ಧಾಟಿಯ ಕಾರಣ ಅವರ ಶಿಷ್ಯಪರಂಪರೆಯ ಗ್ರಂಥಗಳಲ್ಲಿದೆ. ನಮ್ಮ ಸರ್ಕಾರ ಕೋವಿಡ್‌ನಲ್ಲಿ ತಂದೆತಾಯಿ ಕಳಕೊಂಡ ಮಕ್ಕಳಿಗೆ ಪಿಎಂ ಕೇರ್ಸ್‌ನಿಂದ 10 ಲಕ್ಷ ಇಟ್ಟಾಗಲೂ 18ಕ್ಕೆ ಕೈಗೆ ಕೊಡಲಿಲ್ಲ. 18ರಿಂದ 23ರ ತನಕ ತಿಂಗಳ ಹಣ, 23ಕ್ಕೆ ಇಡುಗಂಟು. ಆ ಇಲಾಖೆಯವರೂ 18 ಅನ್ನೋ ಅಂಕಿಯನ್ನು ಪೂರ್ತಿ ನಂಬಿಲ್ಲ.

ಹಾಗಂತ 18ರ ಗೆರೆಯನ್ನು ಅಳಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ಆ ಗೆರೆ 9ರ ತಮ್ಮನನ್ನು ಮಾತ್ರ ಕಾಯುವುದಲ್ಲ, 17ರ ಅಕ್ಕನನ್ನೂ ಕಾಯುತ್ತದೆ. ಅವಳೂ ಯತೀಮ್. ಅವಳ ಹೆಸರಿಗೆ ಪಾಲಕತ್ವ ಬಂದ ದಿನ ಅವಳ ಕಾಲೇಜು ಹೋಯಿತು ಅಂತಲೇ ಲೆಕ್ಕ. ಸಂಬಂಧಿಕರಿಗೂ ಒಳ್ಳೆಯ ನೆಪ ಸಿಕ್ಕಿತು, ಅವಳೇ ನೋಡ್ಕೊಳ್ತಾಳಲ್ಲ ಅಂತ. ಕಾನೂನು "ನೀನಲ್ಲ" ಅನ್ನುವುದರಲ್ಲಿ ತಪ್ಪಿಲ್ಲ. "ನೀನಲ್ಲ" ಅಂದ ಮೇಲೆ ಅವಳನ್ನು ಕೋಣೆಯಿಂದಲೇ ಹೊರಗೆ ಕಳಿಸುವುದು ತಪ್ಪು. ಕಾಯ್ದೆಯ 17ನೆಯ ಕಲಂ, ಬುದ್ಧಿಪೂರ್ವಕ ಆಯ್ಕೆ ಹೇಳಬಲ್ಲಷ್ಟು ದೊಡ್ಡದಾದ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಅನ್ನುತ್ತದೆ. ಶಾಫಿಈ ಪರಂಪರೆಯೂ ತಿಳಿವಳಿಕೆಯ ವಯಸ್ಸಿಗೆ ಬಂದ ಮಗುವನ್ನು ಯಾರ ಜೊತೆ ಇರುತ್ತೀಯಾ ಅಂತ ಕೇಳುತ್ತದೆ. ಅಕ್ಕನ ಮಾತು ಅವಳ ಸ್ವಂತ ಪಾಲಕನ ಬಗ್ಗೆ ಕೋರ್ಟಿನಲ್ಲಿ ನಡೆಯುತ್ತದೆ. ತಮ್ಮನ ಪಾಲಕನ ಬಗ್ಗೆಯೂ ಅವಳನ್ನು ಕೇಳಿ ಅಂತ ಯಾವ ಕಲಮೂ ಹೇಳುವುದಿಲ್ಲ. ಬೇಡ ಅಂತಲೂ ಹೇಳುವುದಿಲ್ಲ. 12ನೆಯ ಕಲಮಿನಲ್ಲಿ ಮಧ್ಯಂತರ ವ್ಯವಸ್ಥೆಗೆ ದಾರಿ ಇದೆ. ಆರು ತಿಂಗಳಿಗೋ ವರ್ಷಕ್ಕೋ ಒಬ್ಬರನ್ನು ತಾತ್ಕಾಲಿಕವಾಗಿ ಇಟ್ಟು, ಅಕ್ಕನಿಗೆ 18 ತುಂಬಿದ ಮೇಲೆ ಅವಳ ಅರ್ಜಿಯನ್ನು ಕೇಳಬಹುದು. ವಕೀಲರು ಹೀಗೆ ಕೇಳಬೇಕು, ಅಷ್ಟೇ.

ಇನ್ನೊಂದು ವಿಷಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪ್ರಾಪ್ತ ವಯಸ್ಸಿನ 1875ರ ಕಾಯ್ದೆಯಲ್ಲಿ ಮೊದಲು ಒಂದು ವಿಚಿತ್ರ ಇತ್ತು. ಕೋರ್ಟು ಪಾಲಕರನ್ನು ನೇಮಿಸಿದ ಮಗುವಿಗೆ 18ಕ್ಕೆ ಬಿಡುಗಡೆ ಇಲ್ಲ, 21 ಆಗಬೇಕು. 1999ರ ತಿದ್ದುಪಡಿ ಎಲ್ಲರಿಗೂ 18 ಮಾಡಿತು. ಅದಕ್ಕೆ ಮುಂಚೆ ಆಗಿದ್ದರೆ ನಮ್ಮ ಆಪಾ ಕೋರ್ಟಿಗೆ ಹೋದ ತಪ್ಪಿಗೇ ಇನ್ನೂ ಮೂರು ವರ್ಷ ಅಪ್ರಾಪ್ತಳಾಗಿ ಉಳಿಯುತ್ತಿದ್ದಳು.

ವಯಸ್ಸಿನ ಗೆರೆ ಹೆಂಗಸರ ವಿಷಯದಲ್ಲಿ ಎಷ್ಟು ಪೊಳ್ಳು ಅಂತ ತಿಳಿಯಬೇಕಾದರೆ ತಾಯಿಯ ಸ್ಥಿತಿ ನೋಡಬೇಕು. ಭಾರತದ ಕೋರ್ಟುಗಳು ಪಾಲಿಸಿಕೊಂಡು ಬಂದಿರುವ ಮುಸ್ಲಿಂ ಕಾನೂನಿನಲ್ಲಿ ಮಗುವಿನ ಆಸ್ತಿಗೆ ಸಹಜ ಪಾಲಕರು ತಂದೆ, ತಂದೆ ನೇಮಿಸಿದ ವಸೀ, ಅಜ್ಜ, ಅಜ್ಜ ನೇಮಿಸಿದ ವಸೀ. ಅಜ್ಜ ಅಂದರೆ ತಂದೆಯ ತಂದೆ. ತಾಯಿ ಆ ಪಟ್ಟಿಯಲ್ಲಿಲ್ಲ. 1918ರ ಇಮಾಂಬಂದಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್‌ನಲ್ಲಿದ್ದ ಸೈಯದ್ ಅಮೀರ್ ಅಲಿ ಅವರು ಇದನ್ನು ಕಲ್ಲಿನ ಮೇಲೆ ಬರೆದಂತೆ ಬರೆದರು. ಮಕ್ಕಳ ಪಾಲನ್ನು ತಾಯಿ ಮಾರಿದ್ದು ಮಕ್ಕಳನ್ನು ಕಟ್ಟಿಹಾಕುವುದಿಲ್ಲ ಅಂತ. ಮಕ್ಕಳ ಆಸ್ತಿ ಕಾಪಾಡುವುದು ಆ ತೀರ್ಪಿನ ಉದ್ದೇಶ, ಅದನ್ನು ಅಲ್ಲಗಳೆಯಲಾಗದು. ಯಾರ್ಯಾರೋ "ನಾನೇ ದೊಡ್ಡವನು" ಅಂತ ಯತೀಮರ ಹೊಲ ಮಾರುವುದನ್ನು ಅದು ತಡೆದಿದೆ. ಸುಪ್ರೀಂ ಕೋರ್ಟೂ 1952ರಲ್ಲಿ ಅದೇ ತತ್ವ ಹಿಡಿಯಿತು. ಆದರೆ ಅದರ ಬೆಲೆ ತೆತ್ತವಳು ತಾಯಿ. ಕಾಸರಗೋಡಿನ ಓದುಗರಿಗೆ ಇದು ದೂರದ ಮಾತಲ್ಲ. 2022ರ ಜುಲೈನಲ್ಲಿ ಕೇರಳ ಹೈಕೋರ್ಟಿನ ಮುಂದೆ, ತಾಯಿ ಪಾಲಕಳಾಗಿ ಸಹಿ ಮಾಡಿದ ಪಾಲುಪತ್ರದ ಪ್ರಕರಣ ಬಂತು. ತಾಯಿ ಪಾಲಕಳಾಗಬಾರದು ಅಂತ ಕುರ್‌ಆನ್‌ನಲ್ಲಾಗಲಿ ಹದೀಸ್‌ನಲ್ಲಾಗಲಿ ಇಲ್ಲದಿದ್ದರೂ ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳಿಗೆ ನಾವು ಬದ್ಧರು, ಹಾಗಾಗಿ ಆಕೆ ಆಸ್ತಿಯ ಪಾಲಕಳಾಗಲಾರಳು ಅಂತ ನ್ಯಾಯಾಧೀಶರು ಬರೆಯಬೇಕಾಯಿತು.

40 ವರ್ಷದ, ಐದು ಮಕ್ಕಳನ್ನು ಹೆತ್ತ, ಮನೆಯ ಪೈಸೆ ಪೈಸೆಯ ಲೆಕ್ಕ ಬಲ್ಲ ತಾಯಿಗೆ ವಯಸ್ಸು ಸಾಲದು ಅಂತ ಯಾರೂ ಹೇಳಲಾರರು. ಅವಳು ಹೊರಗಿರುವುದು ಬೇರೆ ಕಾರಣಕ್ಕೆ.

ಅಚ್ಚರಿ ಏನೆಂದರೆ ನಮ್ಮದೇ ಪರಂಪರೆಯಲ್ಲಿ ಬಾಗಿಲು ಇದೆ. ತಂದೆ ವಸೀ ಆಗಿ ಮಕ್ಕಳ ತಾಯಿಯನ್ನೇ ನೇಮಿಸಬಹುದು, ಹನಫಿಗಳಲ್ಲೂ ಸರಿ. ತಾಯಿಗೆ ಅರ್ಹತೆ ಇದ್ದರೆ ವಸೀ ಸ್ಥಾನಕ್ಕೆ ಬೇರೆಯವರಿಗಿಂತ ಅವಳೇ ಮೇಲು ಅಂತ ಶಾಫಿಈ ಗ್ರಂಥಗಳು ಹೇಳುತ್ತವೆ. ಮಂಗಳೂರಿಂದ ಕಾಸರಗೋಡಿನ ತನಕ ನಮ್ಮ ಜನ ಹೆಚ್ಚಿನವರು ಶಾಫಿಈಗಳೇ. ಆದರೂ ಗಂಡ ಬದುಕಿರುವಾಗ ಒಂದು ಹಾಳೆಯ ಮೇಲೆ "ನನ್ನ ನಂತರ ಮಕ್ಕಳ ಆಸ್ತಿಗೆ ಇವಳೇ ವಸೀ" ಅಂತ ಬರೆದಿಟ್ಟ ಎಷ್ಟು ಮನೆ ನೀವು ನೋಡಿದ್ದೀರಿ? 18 ದಾಟಿದ ಮಗಳ ಹೆಸರನ್ನೂ ಹೀಗೆ ಬರೆಯಬಹುದು. ಬರೆಯದೆ ತೀರಿಕೊಂಡರೂ ದಾರಿ ಮುಚ್ಚಿಲ್ಲ, 1890ರ ಕಾಯ್ದೆಯಡಿ ತಾಯಿ ಅರ್ಜಿ ಹಾಕಿ ಆಸ್ತಿಯ ಪಾಲಕಳಾಗಿ ನೇಮಕ ಪಡೆಯಬಹುದು. ಆಮೇಲೂ ಸ್ಥಿರಾಸ್ತಿ ಮಾರಬೇಕಾದರೆ, ಅಡವಿಡಬೇಕಾದರೆ ಕೋರ್ಟಿನ ಅನುಮತಿ ಬೇಕು, 29ನೆಯ ಕಲಂ. ಅದು ಇರಲಿ, ಒಳ್ಳೆಯದೇ.

ಕೆಳಗಿನ ಗೆರೆಯಷ್ಟೇ ತೊಡಕಿನದು ಮೇಲಿನ ಗೆರೆ. ಪಾಲಕನಾಗಲು ಇಂತಿಷ್ಟು ವಯಸ್ಸು ಮೀರಿರಬಾರದು ಅಂತ 1890ರ ಕಾಯ್ದೆಯಲ್ಲಿಲ್ಲ. ದತ್ತು ನಿಯಮಗಳಲ್ಲಿದೆ. ಮಗುವಿಗೂ ತೆಗೆದುಕೊಳ್ಳುವವರಿಗೂ ಕನಿಷ್ಠ 25 ವರ್ಷದ ಅಂತರ ಇರಬೇಕು. 2022ರ ನಿಯಮಾವಳಿ ಪ್ರಕಾರ 2 ವರ್ಷದೊಳಗಿನ ಮಗುವಿಗೆ ದಂಪತಿಗಳ ವಯಸ್ಸು ಕೂಡಿಸಿದರೆ 85 ಮೀರಬಾರದು, ಒಬ್ಬರೇ ಆದರೆ 40. ದತ್ತು ನಮಗೆ ಸಂಬಂಧಿಸಿದ್ದಲ್ಲ ಅಂತ ಬಹಳ ಮಂದಿ ಈ ಅಂಕಿಗಳನ್ನು ಓದುವುದೇ ಇಲ್ಲ. ಶಬ್ನಂ ಹಾಶ್ಮಿ ಅವರು ಸಾಕಿದ ಮಗಳಿಗೆ ತಾಯಿಯಾಗಲು ಹೋದಾಗ ಅವರಿಗೆ ಸಿಕ್ಕಿದ್ದು ಪಾಲಕತ್ವ ಮಾತ್ರ. ಅವರು ಸುಪ್ರೀಂ ಕೋರ್ಟಿಗೆ ಹೋದರು. ಇಷ್ಟಪಟ್ಟವರು ಯಾವ ಧರ್ಮದವರಾದರೂ ಬಾಲನ್ಯಾಯ ಕಾಯ್ದೆಯಡಿ ದತ್ತು ತೆಗೆದುಕೊಳ್ಳಬಹುದು, ಬೇಡದವರಿಗೆ ಬಲವಂತವಿಲ್ಲ ಅಂತ 2014ರ ಫೆಬ್ರವರಿ 19ರಂದು ತೀರ್ಪು ಬಂತು. ದತ್ತು ಬೇಡ, ಕಫಾಲತ್ ಸಾಕು ಅನ್ನುವ ನಮ್ಮ ಬಹುಪಾಲು ಮನೆಗಳಿಗೆ ಈಗಲೂ ಆ ಹಳೆಯ 1890ರ ಕಾಯ್ದೆಯೇ ಗತಿ. ಅದಕ್ಕೇ ಅದರ ಒಂದೊಂದು ಕಲಮನ್ನೂ ನಾವು ಬೇರೆಯವರಿಗಿಂತ ಹೆಚ್ಚು ಗಮನವಿಟ್ಟು ಓದಬೇಕು.

ಅಜ್ಜ ಅಜ್ಜಿಯರ ವಯಸ್ಸಿನ ಪ್ರಶ್ನೆ ಕೋವಿಡ್ ನಂತರ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಹಮದಾಬಾದಿನಲ್ಲಿ ಎರಡನೆಯ ಅಲೆಗೆ ತಂದೆ ತಾಯಿ ಇಬ್ಬರನ್ನೂ ಕಳಕೊಂಡ ಪುಟ್ಟ ಹುಡುಗ. ಒಂದು ಕಡೆ ತಂದೆಯ ತಂದೆ ತಾಯಿ, 71 ಮತ್ತು 63. ಇನ್ನೊಂದು ಕಡೆ ತಾಯಿಯ ಸೋದರಿ, 46 ವರ್ಷ, ಮದುವೆಯಾಗಿಲ್ಲ, ಸರ್ಕಾರಿ ನೌಕರಿ, ತುಂಬಿದ ಮನೆ. ಗುಜರಾತ್ ಹೈಕೋರ್ಟ್ ಲೆಕ್ಕ ಹಾಕಿ ಆ ಸೋದರಿಗೆ ಕೊಟ್ಟಿತು. 2022ರ ಜೂನ್ 9ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಅಜ್ಜ ಅಜ್ಜಿಗೆ ಕೊಟ್ಟಿತು. ಆದಾಯ, ವಯಸ್ಸು, ದೊಡ್ಡ ಕುಟುಂಬ ಇವಷ್ಟನ್ನೇ ಹಿಡಿದು ತೀರ್ಮಾನ ಮಾಡಲಾಗದು ಅಂತ. ತೀರ್ಪು ನನಗೆ ಅರ್ಧ ಮಾತ್ರ ಒಪ್ಪಿಗೆ. ಮಗುವಿನ ನಂಟನ್ನು ಅಂಕಿಗಿಂತ ಮೇಲಿಟ್ಟದ್ದು ಸರಿ. ಆದರೆ ಹುಡುಗನಿಗೆ 18 ತುಂಬುವಾಗ ಅಜ್ಜನಿಗೆ 80 ದಾಟಿರುತ್ತದೆ ಅನ್ನೋ ಸರಳ ಸತ್ಯಕ್ಕೆ ಎರಡನೆಯ ಪಾಲಕರೊಬ್ಬರನ್ನು ಈಗಲೇ ಗೊತ್ತು ಮಾಡಿಡುವ ಉತ್ತರ ಇರಬೇಕಿತ್ತು. ನಮ್ಮ ಪ್ರವಾದಿಯವರ (ಸ) ಬಾಲ್ಯ ನೆನಪಿಸಿಕೊಳ್ಳಿ. ಹುಟ್ಟುವ ಮೊದಲೇ ತಂದೆ ಇಲ್ಲ, 6ಕ್ಕೆ ತಾಯಿ ಹೋದರು, ಮುದಿ ಅಜ್ಜ ಅಬ್ದುಲ್ ಮುತ್ತಲಿಬ್ ಎತ್ತಿಕೊಂಡರು, ಎರಡೇ ವರ್ಷಕ್ಕೆ ಅಜ್ಜನೂ ಹೋದರು. ಮಗು ಮತ್ತೊಮ್ಮೆ ಯತೀಮ್. ಆದರೆ ಅಜ್ಜ ಕಣ್ಣು ಮುಚ್ಚುವ ಮೊದಲು ಮಗುವನ್ನು ಅಬೂತಾಲಿಬರಿಗೆ ಒಪ್ಪಿಸಿದ್ದರು. ವಯಸ್ಸಾದ ಪಾಲಕ ಮಾಡಬೇಕಾದ ಕೆಲಸ ಅದು.

ಬೆಂಗಳೂರಿನ ಒಂದು ಮುಸ್ಲಿಂ ಕುಟುಂಬದ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಗಂಟು ಬಿಡಿಸಿತ್ತು. ತಾಯಿ ತೀರಿದ ಮೇಲೆ ಮಕ್ಕಳು ತಾಯಿಯ ತವರಿನವರ ಹತ್ತಿರ ಇದ್ದರು, ತಂದೆ ಮರುಮದುವೆಯಾದ. ತಂದೆ ಸಹಜ ಪಾಲಕ ಅನ್ನೋದು ನಿಜ, ಆದರೆ ಮಕ್ಕಳು ಯಾರ ಬಳಿ ಇರಬೇಕು ಅನ್ನೋದು ಬೇರೆಯೇ ಪ್ರಶ್ನೆ, ಅಲ್ಲಿ ಮಕ್ಕಳ ಹಿತವೇ ಮುಖ್ಯ ಅಂತ ಹೇಳಿ, ಪ್ರಕರಣ ಮುಗಿಯುವ ತನಕ ಅವರನ್ನು ಅಜ್ಜನ ಮನೆಯಲ್ಲೇ ಉಳಿಸಿತು. ಇದು ತಾತ್ಕಾಲಿಕ ಆದೇಶ, ಆದರೆ ಓದಬೇಕಾದ ಆದೇಶ. ಆಪಾನಂಥವಳಿಗೂ ಇದರಲ್ಲಿ ಒಂದು ಎಳೆ ಇದೆ. ಪಾಲಕತ್ವದ ಹೆಸರು ಚಾಚಾನದ್ದೇ ಇರಲಿ, ಮಗು ಇರಬೇಕಾದ್ದು ಆಪಾ ಇರುವ ಕೋಣೆಯಲ್ಲಿ ಅಂತ ವಾದಿಸಲು ಜಾಗ ಇದೆ. ಮಹಾರಾಷ್ಟ್ರದ ಬಾಲ ಸಂಗೋಪನ ಯೋಜನೆ, ಕೇಂದ್ರದ ಮಿಷನ್ ವಾತ್ಸಲ್ಯದ ತಿಂಗಳ 4,000 ರೂಪಾಯಿ ಇಂಥ ಮಕ್ಕಳಿಗಾಗಿಯೇ ಇವೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಬಾಗಿಲು ತಟ್ಟಿದರೆ ಕೋರ್ಟಿನ ನೇಮಕಕ್ಕೆ ಕಾಯದೆಯೂ ಕೆಲಸ ಶುರುವಾಗುತ್ತದೆ.

ಅರ್ಜಿ ಹಾಕುವುದು ಎಲ್ಲಿ ಅಂತ ಇಲ್ಲಿನವರು ಕೇಳುತ್ತಾರೆ. 9ನೆಯ ಕಲಂ ಪ್ರಕಾರ ಮೈಗಾವಲಿಗೆ, ಮಗು ಸಾಮಾನ್ಯವಾಗಿ ವಾಸ ಇರುವ ಜಿಲ್ಲೆಯಲ್ಲಿ. ಮಾಜಿವಾಡಾದ ಮಗುವಿಗೆ ಅದು ಠಾಣೆ, ಚಾಚಾನ ವಿಜಯಪುರ ಅಲ್ಲ. ಆಸ್ತಿಯ ಮಟ್ಟಿಗೆ ವಾಸದ ಜಿಲ್ಲೆಯಲ್ಲಾದರೂ ಸರಿ, ಆಸ್ತಿ ಇರುವ ಜಿಲ್ಲೆಯಲ್ಲಾದರೂ ಸರಿ. ಅರ್ಜಿಯಲ್ಲಿ ಏನೇನು ಬರೆಯಬೇಕು ಅಂತ 10ನೆಯ ಕಲಂ ಪಟ್ಟಿ ಕೊಡುತ್ತದೆ. ಮಗುವಿನ ಹೆಸರು, ಧರ್ಮ, ಹುಟ್ಟಿದ ದಿನ. ಆಸ್ತಿಯ ಅಂದಾಜು ಬೆಲೆ. ಪಾಲಕನಾಗಲು ಬಂದವನ ಅರ್ಹತೆ, ಅವನ ಒಪ್ಪಿಗೆಗೆ ಇಬ್ಬರು ಸಾಕ್ಷಿ. ಮಗು ಹೆಣ್ಣಾಗಿದ್ದರೆ ಮದುವೆ ಆಗಿದೆಯೇ, ಆಗಿದ್ದರೆ ಗಂಡನ ಹೆಸರು, ಗಂಡನ ವಯಸ್ಸು. ಹತ್ತಿರದ ನೆಂಟರು ಯಾರ್ಯಾರು ಅಂತಲೂ ಒಂದು ಸಾಲಿದೆ. ಅಕ್ಕ ಬರುವುದು ಆ ಸಾಲಿನಲ್ಲಿ. ಅವಳ ವಯಸ್ಸನ್ನಾಗಲಿ, ಆ ಮನೆಯಲ್ಲಿ ಅವಳು ಏನು ಮಾಡುತ್ತಾಳೆ ಅಂತಾಗಲಿ ಅಲ್ಲಿ ಕೇಳಿಲ್ಲ. ಎಲ್ಲಿ ವಾಸ ಇದ್ದಾಳೆ ಅಂತ ಮಾತ್ರ ಕೇಳಿದೆ.